ಹಳೆ ತಮಟೆಯನ್ನು ಗುಜರಿಗೆ ಕಳಿಸುವ ಮುನ್ನ: ನಾಲ್ಕೂರಿನ ವರ್ಕ್‌ಶಾಪ್‌ಗಳಿಗೊಂದು ಬಹಿರಂಗ ಪತ್ರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ಲೇತ್, ವೆಲ್ಡಿಂಗ್ ಹಾಗೂ ಕುಲುಮೆ ಅಂಗಡಿಗಳ ಬಂಧುಗಳಿಗೆ,



ಬೋರ್‌ವೆಲ್ ಪೈಪಿಗೆ ಥ್ರೆಡ್ ಕೊರೆಯುವುದು, ಟ್ರ್ಯಾಕ್ಟರ್ ಟ್ರೇಲರಿನ ಕೊಂಡಿ ಬೆಸೆಯುವುದು, ರೇಷ್ಮೆ ರೀಲಿಂಗ್ ಯಂತ್ರದ ಸವೆದ ಶಾಫ್ಟನ್ನು ತಿರುವಿ ಸರಿ ಮಾಡಿ ಕೊಡುವುದು ನಿಮಗೆ ದಿನನಿತ್ಯದ ಕೆಲಸ. ಅದೇ ಕೈ, ಅದೇ ಯಂತ್ರ ಬೇಡುವ, ಆದರೆ ನಿಮ್ಮ ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಇನ್ನೂ ಸೇರದ ಒಂದು ಕೆಲಸವನ್ನು ಕೈಗೆತ್ತಿಕೊಳ್ಳಿ ಎಂದು ಕೇಳಲು ಈ ಪತ್ರ. ನಿಮ್ಮ ಸುತ್ತಲ ಹಳ್ಳಿಗಳಲ್ಲಿರುವ ಹಳೆಯ ತಮಟೆ, ಡೋಲು, ನಗಾರಿ, ಬ್ಯಾಂಡ್‌ಸೆಟ್ಟಿನ ಡ್ರಮ್ಮುಗಳನ್ನು ರಿಪೇರಿ ಮಾಡುವುದು, ಕಳೆದುಹೋದ ಬಿಡಿಭಾಗಗಳನ್ನು ಹೊಸದಾಗಿ ಮಾಡಿಕೊಡುವುದೇ ಆ ಕೆಲಸ. ಚರ್ಮ ಹರಿದರೆ ವಾದ್ಯಕ್ಕೆ ಸಾವಿಲ್ಲ. ಹೊಸ ಚರ್ಮ ಬಿಗಿಯುವುದು ತಲೆತಲಾಂತರದಿಂದ ನಡೆದುಬಂದಿದೆ. ಬಳೆ ಸೊಟ್ಟಗಾದರೆ, ಬೋಲ್ಟಿನ ಥ್ರೆಡ್ ಸವೆದರೆ, ಕೊಂಡಿ ಮುರಿದರೆ ಮಾತ್ರ ಮಾಡಿಕೊಡುವವರಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಕಬ್ಬಿಣ ಸಿಗಲಿಲ್ಲವೆಂದು ಇಡೀ ವಾದ್ಯವೇ ಗುಜರಿಯ ತಕ್ಕಡಿ ಏರುತ್ತದೆ. ಆ ಕಬ್ಬಿಣ ನಿಮ್ಮಲ್ಲಿದೆ. ಅದನ್ನು ಕೊರೆಯುವ ವಿದ್ಯೆಯೂ ನಿಮ್ಮಲ್ಲಿದೆ. ಈ ವಾದ್ಯಗಳ ಮುಂದಿನ ಆಯುಷ್ಯ ಬಾರಿಸುವವರ ಮೇಲೆ ನಿಂತಿರುವಷ್ಟೇ ನಿಮ್ಮ ಮೇಲೂ ನಿಂತಿದೆ ಎಂಬುದು ನನ್ನ ವಾದ.

2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂತು. 2007ರಲ್ಲಷ್ಟೇ ಕೋಲಾರದಿಂದ ಬೇರೆಯಾದ ಜಿಲ್ಲೆಗೆ ಇದು ದೊಡ್ಡ ಗೌರವ. ಸಾವಿನ ಮನೆ ಮತ್ತು ಊರಹಬ್ಬದ ಅಂಚಿನಲ್ಲಿ ನಿಲ್ಲಿಸಿದ್ದ ವಾದ್ಯಕ್ಕೆ ರಾಷ್ಟ್ರಪತಿ ಭವನದ ಬಾಗಿಲು ತೆರೆದ ಗಳಿಗೆ ಅದು. ಆದರೆ ಮನ್ನಣೆ ಸಿಕ್ಕಿದ್ದು ಬಾರಿಸುವ ಕೈಗೆ. ವಾದ್ಯ ಕಟ್ಟುವ ಕೈ, ಮುರಿದದ್ದನ್ನು ಜೋಡಿಸುವ ಕೈ ಇನ್ನೂ ಎಷ್ಟೋ ಪಟ್ಟಿಗಳಲ್ಲಿ ಇಲ್ಲ. ಅದೇ ವರ್ಷದ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯನ್ನೇ ನೋಡಿ. ಬಡಗಿ, ಕಮ್ಮಾರ, ಕುಂಬಾರ, ಚಮ್ಮಾರ, ಬೀಗ ಮಾಡುವವರು, ಗೊಂಬೆ ಮಾಡುವವರು, ಮೀನಿನ ಬಲೆ ಹೆಣೆಯುವವರು ಎಂದು 18 ಕಸುಬುಗಳನ್ನು ಅದು ಗುರುತಿಸಿದೆ. ವಾದ್ಯ ಮಾಡುವವರ ಹೆಸರು ಆ ಹದಿನೆಂಟರಲ್ಲಿ ಇಲ್ಲ. ನಮ್ಮ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಲಾತಂಡಗಳಿಗೆ ಕೊಡುವ ನೆರವಿನ ಹೆಸರೇ ವಾದ್ಯ ಪರಿಕರ ಮತ್ತು ವೇಷಭೂಷಣ ಖರೀದಿಗೆ ಧನಸಹಾಯ. ಖರೀದಿಗೆ ದುಡ್ಡು ಹುಟ್ಟುತ್ತದೆ, ರಿಪೇರಿಗೆ ಹುಟ್ಟುವುದಿಲ್ಲ. ಹೀಗಿರುವಾಗ ಹಳೆಯ ಬಳೆಯನ್ನು ಎಸೆದು ಹೊಸದು ತರುವುದೇ ಜಾಣತನ ಎಂದು ಯಾವ ತಂಡಕ್ಕಾದರೂ ಅನ್ನಿಸುತ್ತದೆ. ಅದು ಅವರ ತಪ್ಪಲ್ಲ.

ನಿಮ್ಮ ಬಾಗಿಲಿಗೆ ಬರಬಹುದಾದ ವಾದ್ಯಗಳನ್ನು ಕೊಂಚ ಪರಿಚಯಿಸುತ್ತೇನೆ. ತಮಟೆ ನಿಮಗೆ ಗೊತ್ತು: ಒಂದೂವರೆ ಅಡಿ ಆಸುಪಾಸಿನ ಬಳೆ, ಅದರ ಒಂದು ಮುಖಕ್ಕೆ ಮಾತ್ರ ಚರ್ಮ. ಬಳೆ ಮರದ್ದಿರಬಹುದು, ಕಬ್ಬಿಣದ ಪಟ್ಟಿ ಬಗ್ಗಿಸಿ ಬೆಸೆದದ್ದಿರಬಹುದು. ಈಚಿನ ಫೈಬರ್ ತಮಟೆಯಲ್ಲಿ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಬಾರಿನ ಜಾಗಕ್ಕೆ ನಟ್ಟು ಬೋಲ್ಟು ಬಂದಿವೆ. ನಾದಸ್ವರದ ಜೊತೆಗೆ ಬಾರಿಸುವ ಡೋಲು ಹಲಸಿನ ಮರವನ್ನು ಕೊರೆದು ಮಾಡಿದ್ದು. ಹಿಂದೆ ಅದಕ್ಕೂ ಚರ್ಮದ ಬಾರೇ ಇತ್ತು, ಈಗ ಉಕ್ಕಿನ ಬಳೆ ಮತ್ತು ಉದ್ದನೆಯ ಬೋಲ್ಟುಗಳದ್ದೇ ರೂಢಿ. ನಗಾರಿ ತಾಮ್ರದ ಅಥವಾ ಕಬ್ಬಿಣದ ತಗಡಿನ ಕೊಪ್ಪರಿಗೆ. ಗುಡಿಗಳಲ್ಲಿ ಮೋಟಾರು ಹಾಕಿದ ಜಾಗಟೆ-ನಗಾರಿ ಯಂತ್ರ ಬಂದ ಮೇಲೆ ಹಳೆಯ ನಗಾರಿ ಮೂಲೆ ಸೇರಿ ಹಸಿರು ಕಿಲುಬು ಹಿಡಿಯುವುದು ಎಷ್ಟೋ ಊರಿನ ಕಥೆ. ಇನ್ನು ಬ್ಯಾಂಡ್‌ಸೆಟ್ಟಿನ ಡ್ರಮ್ಮುಗಳ ತವರು ಉತ್ತರದ ಮೀರತ್. 1885ರಲ್ಲಿ ಅಲ್ಲಿ ಆರಂಭವಾದ ನಾದಿರ್ ಅಲಿ ಕಂಪನಿಯ ಕಾಲದಿಂದ ಮೀರತ್ತಿನ ಜಾಲಿ ಕೋಠಿ ಬಡಾವಣೆ ದೇಶದ ಮದುವೆ ಮೆರವಣಿಗೆಗಳಿಗೆಲ್ಲ ವಾದ್ಯ ಒದಗಿಸುತ್ತ ಬಂದಿದೆ. ಚಿಂತಾಮಣಿಯಲ್ಲಿ ಒಂದು ಕೊಂಡಿ ಮುರಿದರೆ ಮೀರತ್ತಿಗೆ ಬರೆದು ತರಿಸಬೇಕೆಂದರೆ ಅದು ಆಗದ ಮಾತು. ಆಗ ಕಟ್ಟುವುದು ತಂತಿ, ಇಲ್ಲವೇ ಸೈಕಲ್ ಟ್ಯೂಬಿನ ಚೂರು.

ಈ ವಾದ್ಯಗಳಲ್ಲಿ ಕಬ್ಬಿಣದ ಕೆಲಸ ಎಷ್ಟು ನಾಜೂಕಿನದು ಎಂಬುದಕ್ಕೆ ತಮಟೆಯ ಅಂಚೊಂದೇ ಸಾಕು. ಚರ್ಮ ಬಳೆಯ ಮೇಲೆ ಬಾಗಿ ಕೆಳಗಿಳಿಯುವ ಆ ಅಂಚು ಚೂಪಾಗಿದ್ದರೆ ಪ್ರತಿ ಏಟಿಗೂ ಚರ್ಮ ಅಲ್ಲಿ ಕೊಯ್ಯುತ್ತದೆ. ಒಂದು ಹಬ್ಬ ಮುಗಿಯುವಷ್ಟರಲ್ಲಿ ಸೀಳು ಬಿಡುತ್ತದೆ. ಚಪ್ಪಟೆಯಾಗಿ ಅಗಲವಾಗಿದ್ದರೆ ಚರ್ಮದ ನಡುಕ ಅಲ್ಲೇ ಅದುಮಿಹೋಗಿ ನಾದ ಮಂಕಾಗುತ್ತದೆ. ಗುಂಡಗೆ, ನುಣ್ಣಗೆ, ಸುತ್ತಲೂ ಒಂದೇ ಮಟ್ಟದಲ್ಲಿ ಇರಬೇಕು. ಮಟ್ಟ ನೋಡುವುದು ಸುಲಭ. ಪಾಲಿಶ್ ಮಾಡಿದ ಗ್ರಾನೈಟ್ ಹಾಳೆಯೊಂದರ ಮೇಲೆ ಬಳೆಯನ್ನು ಬೋರಲು ಹಾಕಿ; ಗ್ರಾನೈಟಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಒಳಗೊಂದು ಟಾರ್ಚ್ ಇಟ್ಟು, ಕೋಣೆಯ ದೀಪ ಆರಿಸಿ, ಸುತ್ತ ಕಣ್ಣಾಡಿಸಿ. ಬೆಳಕು ಸೋರುವ ಕಡೆ ಅಂಚು ತಗ್ಗಿದೆ ಎಂದರ್ಥ. ಆ ಜಾಗದಲ್ಲಿ ಚರ್ಮ ಸಡಿಲವಾಗಿ ನಿಂತು, ಎಡಕ್ಕೊಂದು ಬಲಕ್ಕೊಂದು ಶ್ರುತಿ ಕೇಳುತ್ತದೆ. ತಗ್ಗಿದ ಕಡೆ ತುಂಬಲು ಹೋಗದೆ, ಎತ್ತರವಿರುವ ಕಡೆ ಅರದಿಂದ ಉಜ್ಜಿ ಇಳಿಸಬೇಕು, ಕೊನೆಗೆ 220ರ, ಆಮೇಲೆ 400ರ ಎಮರಿ ಕಾಗದ ಹಿಡಿಯಬೇಕು. ಹಳೆಯ ಬೆಸುಗೆ ಬಿಟ್ಟಿದ್ದರೆ ಬಳೆಯನ್ನು ಮೊದಲು ಗುಂಡಗೆ ಕೂರಿಸಿ, ಎದುರುಬದುರು ನಾಲ್ಕು ಕಡೆ ಅಡ್ಡಳತೆ ಒಂದೇ ಬರುವಂತೆ ಹಿಡಿದು, ನಂತರ ಬೆಸೆಯಬೇಕು. ಬೆಸೆದ ಮೇಲೆ ಸುತ್ತಿಗೆಯಿಂದ ಗುಂಡು ಮಾಡಲು ಹೋದರೆ ಅಂಚು ಅಲೆಯಲೆಯಾಗುತ್ತದೆ. ಸತು ಲೇಪಿಸಿದ ಪಟ್ಟಿಯಾದರೆ ಬೆಸೆಯುವ ಕಡೆ ಲೇಪವನ್ನು ಉಜ್ಜಿ ತೆಗೆದೇ ಮುಂದುವರಿಯಿರಿ, ಆ ಹೊಗೆ ನಿಮ್ಮ ಎದೆಗೆ ಒಳ್ಳೆಯದಲ್ಲ. ಅಂಟು ಹಿಡಿಯಬೇಕಾದ ಹೊರಮೈಗೆ ಎನಾಮಲ್ ಬಣ್ಣ ಬಳಿಯಬೇಡಿ: ಅದರ ಮೇಲೆ ಅಂಟು ನಿಲ್ಲುವುದಿಲ್ಲ, ತಮಟೆ ಕಾಯಿಸಲು ಹುಲ್ಲಿನ ಬೆಂಕಿಗೆ ಹಿಡಿದಾಗ ಗುಳ್ಳೆ ಏಳುತ್ತದೆ. ಇಷ್ಟು ತಿಳಿದ ಕೈಗೆ ಈ ಕೆಲಸ ಒಂದು ಮಧ್ಯಾಹ್ನದ್ದು. ತಿಳಿಯದ ಕೈ ಅದೇ ಮಧ್ಯಾಹ್ನದಲ್ಲಿ ಬಳೆಯನ್ನು ಕಾಯಮ್ಮಾಗಿ ಕೆಡಿಸಬಲ್ಲದು.

ಬೋಲ್ಟಿನ ವಿಷಯ ಇನ್ನೂ ಸೂಕ್ಷ್ಮ. ಹಳೆಯ ಡ್ರಮ್ಮು, ಡೋಲುಗಳಲ್ಲಿ ಕಾಲಿಂಚಿನ ವ್ಹಿಟ್‌ವರ್ತ್ ಬೋಲ್ಟು ಇರುವ ಸಂಭವವೇ ಹೆಚ್ಚು. ಇಂಗ್ಲಿಷರ ಕಾಲದ ಆ ಅಳತೆ ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತದೆ. ಅದರ ದಪ್ಪ 6.35 ಮಿಲಿಮೀಟರ್, ಇಂಚಿಗೆ 20 ಸುತ್ತು. ಇವತ್ತು ಎಲ್ಲೆಡೆ ಸಿಗುವ ಎಂ6 ಬೋಲ್ಟಿನ ದಪ್ಪ 6 ಮಿಲಿಮೀಟರ್, ಸುತ್ತಿನಿಂದ ಸುತ್ತಿಗೆ 1 ಮಿಲಿಮೀಟರ್, ಅಂದರೆ ಇಂಚಿಗೆ 25ರ ಮೇಲೆ. ಎಂ6 ಬೋಲ್ಟನ್ನು ಕಾಲಿಂಚಿನ ನಟ್ಟಿಗೆ ಹಾಕಿದರೆ ಎರಡು ಸುತ್ತು ಸಲೀಸಾಗಿ ಹೋದಂತೆ ಅನ್ನಿಸುತ್ತದೆ, ಬಿಗಿಯುವಾಗ ಜಾರುತ್ತದೆ, ಸ್ಪಾನರ್ ಹಾಕಿ ಒತ್ತಿದರೆ ನಟ್ಟಿನ ಒಳಗಿನ ಥ್ರೆಡ್ಡೇ ಕಿತ್ತುಬರುತ್ತದೆ. ಎಷ್ಟೋ ಹಳೆಯ ವಾದ್ಯಗಳು ಹೀಗೆ ಕೊನೆಗಂಡಿವೆ. ಬೋಲ್ಟನ್ನು ಸ್ಕೇಲಿನ ಪಕ್ಕ ಇಟ್ಟು ಒಂದು ಇಂಚಿನಲ್ಲಿ ಎಷ್ಟು ಸುತ್ತು ಎಂದು ಎಣಿಸುವ ಅರ್ಧ ನಿಮಿಷದ ಕೆಲಸ ಒಂದು ವಾದ್ಯವನ್ನು ಉಳಿಸುತ್ತದೆ. ಎಣಿಕೆಗೆ 24 ಬಂದು ಬೋಲ್ಟು ಎಂ6ಗಿಂತ ತೆಳ್ಳಗಿದ್ದರೆ ಅದು ಬಹುಶಃ ಅಮೆರಿಕದ ಅಳತೆ. ಅಲ್ಲಿ ಹೆಚ್ಚಿನ ಡ್ರಮ್ ಕಂಪನಿಗಳು 12-24 ಎಂಬ ಒಂದೇ ಥ್ರೆಡ್ಡಿಗೆ ಒಗ್ಗಿಕೊಂಡವು. 1909ರಲ್ಲಿ ಷಿಕಾಗೋದಲ್ಲಿ ಶುರುವಾದ ಲಡ್‌ವಿಗ್ ಕಂಪನಿಯ ತಾತನ ಕಾಲದ ಡ್ರಮ್ಮಿಗೂ ಇವತ್ತಿನ ಅಂಗಡಿಯಲ್ಲಿ ಬೋಲ್ಟು ದೊರೆಯುವುದಕ್ಕೆ ಕಾರಣ ಈ ಒಗ್ಗಟ್ಟು. ನಮ್ಮಲ್ಲಿ ಅಂಥದ್ದೊಂದು ಗೊತ್ತಾದ ಅಳತೆ ಇಲ್ಲ. ನಾಲ್ಕೂರಿನ ನೀವು ಕೂತು ಮಾತಾಡಿಕೊಂಡರೆ ಇರಬಹುದು. ಇನ್ನೊಂದು ಮಾತು: ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟೇ ಹಾಕಿದರೆ ಬಿಗಿಯುವಾಗ ಒಂದಕ್ಕೊಂದು ಕಚ್ಚಿ ನಿಂತುಬಿಡುತ್ತವೆ. ಉಕ್ಕಿನ ಬೋಲ್ಟಿಗೆ ಹಿತ್ತಾಳೆಯ ನಟ್ಟು ತಿರುವಿ ಹಾಕಿ. ಸವೆಯುವುದಿದ್ದರೆ ಆ ಸಣ್ಣ ನಟ್ಟು ಸವೆಯಲಿ, ವಾದ್ಯದ ಮೈಗೆ ಅಂಟಿಕೊಂಡ ಭಾಗ ಸವೆಯದಿರಲಿ.

ರಿಪೇರಿಗೆ ಒಂದೇ ಒಂದು ನೀತಿ ಹೇಳಿ ಎಂದು ನನ್ನನ್ನು ಕೇಳಿದರೆ, ಮುಂದೆ ಬರುವವನು ಬಿಚ್ಚಲಾಗದ್ದನ್ನು ಇಂದು ಮಾಡಬೇಡಿ ಎನ್ನುತ್ತೇನೆ. ಚರ್ಮ ಅಂಟಿಸಲು ಹಿಂದಿನವರು ಹುಣಸೆಬೀಜದ ಅಂಟು ಬಳಸುತ್ತಿದ್ದರು. ಬಿಸಿನೀರಿನ ಬಟ್ಟೆ ಹಾಕಿದರೆ ಅದು ಮೆತ್ತಗಾಗಿ ಬಿಡುತ್ತದೆ, ಬಳೆಗೆ ಏಟಾಗುವುದಿಲ್ಲ. ಅದೇ ಜಾಗಕ್ಕೆ ಆರಲ್ಡೈಟ್ ಹಾಕಿದರೆ ಚರ್ಮ ಬದಲಿಸುವಾಗ ಬಳೆಯ ಮೇಲ್ಮೈಯನ್ನೇ ಕೆರೆದು ತೆಗೆಯಬೇಕು. ಎರಡು ಸಲ ಕೆರೆದರೆ ಮರದ ಬಳೆಗೆ ಮೂರನೆಯ ಸಲ ಉಳಿಯುವುದಿಲ್ಲ. ಹಲಸಿನ ಡೋಲಿನ ಬಿರುಕಿಗೆ ಎಂ-ಸೀಲ್ ತುಂಬುವುದೂ ಇಂಥದ್ದೇ: ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಎಂ-ಸೀಲ್ ಹಿಗ್ಗುವುದಿಲ್ಲ, ಬಿರುಕು ಪಕ್ಕಕ್ಕೆ ಹರಿಯುತ್ತದೆ. ಅದೇ ಮರದ ಚಕ್ಕೆಯನ್ನು ಬಿರುಕಿಗೆ ಹೊಂದುವಂತೆ ಕೆತ್ತಿ ಕೂರಿಸುವ ಆಚಾರಿಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಅವರ ಬಳಿಗೆ ಕಳಿಸಿ. ಹೊಸ ಬೋಲ್ಟಿಗೆಂದು ಹಳೆಯ ಮೈಗೆ ಹೊಸ ತೂತು ಕೊರೆಯಬೇಡಿ, ಹಳೆಯ ತೂತಿಗೆ ಹೊಂದುವ ಬೋಲ್ಟು ಮಾಡಿ. ತಾಮ್ರದ ನಗಾರಿಯನ್ನು ಬಫ್ ಚಕ್ರಕ್ಕೆ ಹಿಡಿದು ಫಳಫಳ ಮಾಡಬೇಡಿ. ಹೊಳಪಿನ ಜೊತೆ ತಗಡಿನ ದಪ್ಪವೂ ಹೋಗುತ್ತದೆ. ಸತುವಿನ ಎರಕದ ಹಳೆಯ ಕೊಂಡಿಗಳು ಬಿರುಕು ಬಿಟ್ಟರೆ ಬೆಸೆಯಲು ಬರುವುದಿಲ್ಲ, ಕರಗಿ ಹೋಗುತ್ತವೆ. ಅಂಥದ್ದರ ಅಳತೆ ತೆಗೆದು ಹಿತ್ತಾಳೆಯಲ್ಲಿ ಹೊಸದು ಮಾಡುವುದೇ ದಾರಿ, ಮುರಿದ ಹಳೆಯದನ್ನು ಎಸೆಯದೆ ಯಜಮಾನನ ಕೈಗೆ ವಾಪಸು ಕೊಡುವುದೇ ಮರ್ಯಾದೆ.

ಇಷ್ಟೆಲ್ಲ ಯಾಕೆ, ಫೈಬರ್ ತಮಟೆ ಬಂದಿದೆಯಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದನ್ನು ಹಗುರವಾಗಿ ತಳ್ಳಿಹಾಕುವುದು ಬಾರಿಸುವವರಿಗೆ ಮಾಡುವ ಅವಮಾನ. ಹಸಿಚರ್ಮ ಗಾಳಿಯ ತೇವ ಹೀರುತ್ತದೆ, ಹೀರಿದರೆ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ಅದಕ್ಕೇ ತಮಟೆ ಕಾಯಿಸುವುದು. ಯುಗಾದಿಯ ನಂತರದ ಊರಹಬ್ಬ, ಕರಗಗಳಿಗೆ ಇದು ತೊಂದರೆಯಲ್ಲ, ನಮ್ಮ ಬಯಲುಸೀಮೆಯ ಒಣಹವೆ ಚರ್ಮಕ್ಕೆ ಒಗ್ಗುವಂಥದ್ದು. ಗಣೇಶನ ವಿಸರ್ಜನೆ ಬರುವುದು ಮಳೆಯಲ್ಲಿ. ಸಾವು ಯಾವ ಕಾಲವನ್ನೂ ನೋಡುವುದಿಲ್ಲ. ಆಗ ಅರ್ಧ ಗಂಟೆಗೊಮ್ಮೆ ಹುಲ್ಲು ಹುಡುಕಿ ಬೆಂಕಿ ಹಾಕು ಎಂದು ಹೇಳುವ ಹಕ್ಕು ಕೇಳುವವರಿಗಿಲ್ಲ. ಅಮೆರಿಕದಲ್ಲೂ ಇದೇ ಕಾರಣಕ್ಕೆ 1950ರ ದಶಕದಲ್ಲಿ ಕರುವಿನ ಚರ್ಮ ಹೋಗಿ ಪಾಲಿಯೆಸ್ಟರ್ ಹಾಳೆ ಬಂತು. 1957ರಲ್ಲಿ ಶುರುವಾದ ರೆಮೊ ಕಂಪನಿ ಬೆಳೆದದ್ದು ಅದರಿಂದಲೇ. ಆದರೆ ಹಾಳೆ ತೇವಕ್ಕೆ ಗೆದ್ದಷ್ಟು ಸಲೀಸಾಗಿ ನಾದದಲ್ಲಿ ಗೆಲ್ಲುವುದಿಲ್ಲ. ಕಾಲು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕಿಗೆ ನಡುಕವನ್ನು ಹಿಡಿದು ನಿಲ್ಲಿಸುವ ಗುಣ ಕಡಿಮೆ, ಹಾಗಾಗಿ ಮೇಲುಸ್ವರಗಳು ಕಿರುಚುತ್ತ ಉಳಿದುಕೊಂಡು ಒಂದು ಏಟು ಇನ್ನೊಂದರ ಮೇಲೆ ಬೀಳುತ್ತದೆ. ಚರ್ಮದ ಎಳೆಗಳು ಆ ಕಿರುಚಲನ್ನು ತಾವೇ ನುಂಗುತ್ತವೆ. ದಪ್ಪ ಕಡ್ಡಿಯ ಏಟೂ ಸೀಳು ಬಿದಿರಿನ ಉದ್ದ ಕಡ್ಡಿಯ ಏಟೂ ಬೇರೆಬೇರೆಯಾಗಿ ಕಿವಿಗೆ ಬೀಳುತ್ತವೆ. ಹತ್ತು ತಮಟೆ ಒಟ್ಟಿಗೆ ನಿಂತಾಗ ಗತ್ತು ಬದಲಾದದ್ದು ಗೊತ್ತಾಗುವುದು ಈ ಬಿಡಿತನದಿಂದ. ಹಾಗಾಗಿ ನಾನು ಕೇಳುತ್ತಿರುವುದು ಪ್ಲಾಸ್ಟಿಕ್ಕಿನ ಬಹಿಷ್ಕಾರವಲ್ಲ. ಹಳೆಯ ಬಳೆಯ ಮೈಗೆ ಒಂದೇ ಒಂದು ತೂತೂ ಬೀಳದಂತೆ, ಹೊರಗಿನಿಂದ ಕಚ್ಚಿ ಹಿಡಿಯುವ ಎರಡು ಉಂಗುರಗಳ ಒಂದು ಬಿಗಿಪಟ್ಟಿ ಮಾಡಿಕೊಡಿ. ಮಳೆಗೆ ಹಾಳೆ, ಬಿಸಿಲಿಗೆ ಚರ್ಮ. ಇದನ್ನು ಮೀರತ್ ಮಾಡಿ ಕಳಿಸುವುದಿಲ್ಲ, ಮಾಡಿದರೆ ನೀವೇ ಮಾಡಬೇಕು.

ಎರಡನೆಯ ಆಕ್ಷೇಪ ನಿಮ್ಮದೇ ಇರುತ್ತದೆ: ಒಂದು ನಟ್ಟಿಗೆ ಲೇತ್ ಓಡಿಸಿದರೆ ಕರೆಂಟಿನ ಖರ್ಚೂ ಹುಟ್ಟುವುದಿಲ್ಲ. ಒಂದೇ ನಟ್ಟಿನ ಲೆಕ್ಕದಲ್ಲಿ ಇದು ನಿಜ. ಆದರೆ ರೀಲಿಂಗ್ ಯಂತ್ರಗಳ ಬಿಡಿಭಾಗಕ್ಕೆ ಶಿಡ್ಲಘಟ್ಟದಲ್ಲಿ ಕೆಲಸ ನಡೆಯುವುದು ಹಾಗಲ್ಲ. ರಾಜ್ಯದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಒಂದಾದ ಆ ಊರಿನಲ್ಲಿ ಯಾವ ಭಾಗ ಯಾವಾಗ ಸವೆಯುತ್ತದೆಂದು ಗೊತ್ತಿರುವುದರಿಂದ ಮೊದಲೇ ಹತ್ತಿಪ್ಪತ್ತು ಮಾಡಿಟ್ಟಿರುತ್ತಾರೆ. ವಾದ್ಯಕ್ಕೂ ಅದೇ ಲೆಕ್ಕ ಹಾಕಿ. ನಾಲ್ಕು ತಾಲ್ಲೂಕಿನ ತಂಡಗಳು ಬೇರೆಬೇರೆ ಬಾಗಿಲಿಗೆ ಒಂದೊಂದು ನಟ್ಟಿಗೆ ಬಂದರೆ ಯಾರಿಗೂ ಗಿಟ್ಟುವುದಿಲ್ಲ. ಕಾಲಿಂಚಿನ ಬೋಲ್ಟು, ಹಿತ್ತಾಳೆ ನಟ್ಟು ಒಬ್ಬರ ಬಳಿ, ಬಳೆ ಗುಂಡು ಮಾಡುವ ಫರ್ಮಾ ಇನ್ನೊಬ್ಬರ ಬಳಿ ಎಂದು ಹಂಚಿಕೊಂಡರೆ ಗಿಟ್ಟುತ್ತದೆ. ಫರ್ಮಾ ಅಂದರೆ ದೊಡ್ಡದೇನಲ್ಲ: ದಪ್ಪ ಹಲಗೆಯ ಮೇಲೆ ಹದಿನಾರು, ಹದಿನೇಳು, ಹದಿನೆಂಟು ಇಂಚಿನ ವೃತ್ತಗಳು, ಅವುಗಳ ಮೇಲೆ ಸರಿಸಬಹುದಾದ ಗೂಟಗಳು. ಒಮ್ಮೆ ಮಾಡಿದರೆ ನಿಮ್ಮ ಮಕ್ಕಳ ಕಾಲಕ್ಕೂ ಬರುತ್ತದೆ. ಕೂಲಿಯನ್ನು ಕಡಿಮೆ ಮಾಡಿ ಎಂದು ನಾನು ಕೇಳುವುದಿಲ್ಲ. ದಾನದ ಮೇಲೆ ನಿಂತ ರಿಪೇರಿ ದಾನಿ ಮುದಿಯಾದ ದಿನ ನಿಂತುಹೋಗುತ್ತದೆ. ನ್ಯಾಯವಾದ ಕೂಲಿ ತೆಗೆದುಕೊಂಡು, ಚೀಟಿ ಬರೆದುಕೊಟ್ಟು ಮಾಡಿ. ಹೊಸ ತಮಟೆಯೇ ಅಗ್ಗವಲ್ಲವೇ ಎಂದರೆ, ಅಗ್ಗದ ಬಳೆಯ ತೆಳು ತಗಡು ಎರಡು ಹಬ್ಬಕ್ಕೆ ಸೊಟ್ಟಗಾಗುತ್ತದೆ, ಹಳೆಯ ದಪ್ಪ ಪಟ್ಟಿಯದ್ದು ಮೂರು ತಲೆಮಾರಿನ ಏಟು ತಿಂದೂ ನಿಂತಿರುತ್ತದೆ. ವರ್ಷಗಳ ಲೆಕ್ಕದಲ್ಲಿ ಯಾವುದು ಅಗ್ಗ ಎಂಬುದು ಕಬ್ಬಿಣ ಬಲ್ಲ ನಿಮಗೆ ನಾನು ಹೇಳಬೇಕಾದ ಮಾತಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು, ಅದು ಬರುವುದು ಕೇರಿಯಿಂದ. ತಮಟೆ ಕಲೆಯೆಂದು ಇವತ್ತು ಮೆಚ್ಚುವವರ ತಾತಂದಿರು ಅದನ್ನು ಬಿಟ್ಟಿ ಚಾಕರಿಯೆಂದು ಹೇರಿದ್ದರು. ಊರಿನ ಹೆಣಕ್ಕೆ, ಊರಿನ ಸಾರಿಕೆಗೆ ಬಾರಿಸಲೇಬೇಕಿತ್ತು. ಒಲ್ಲೆ ಎಂದವರಿಗೆ ಏಟು ಬೀಳುತ್ತಿತ್ತು. 1970ರ ದಶಕದಿಂದ ದಲಿತ ಸಂಘರ್ಷ ಸಮಿತಿಯ ಚಳವಳಿ ಹಳ್ಳಿಹಳ್ಳಿಗೆ ಮುಟ್ಟಿದಾಗ ಎಷ್ಟೋ ಯುವಕರು ತಮಟೆಯನ್ನು ಕೆಳಗಿಟ್ಟರು, ಇಟ್ಟದ್ದು ಸರಿಯಾಗಿತ್ತು. 2000ದ ಮಾರ್ಚ್‌ನಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದ ಕಂಬಾಲಪಲ್ಲಿ ಇರುವುದು ನಿಮ್ಮ ಚಿಂತಾಮಣಿ ತಾಲ್ಲೂಕಿನಲ್ಲೇ. ಇಂಥ ನೆಲದಲ್ಲಿ ಹಳೆಯ ತಮಟೆಯನ್ನು ಕಾಪಾಡಿ ಎಂದು ಹೊರಗಿನವರು ಕೇರಿಗೆ ಹೋಗಿ ಬೋಧಿಸುವುದನ್ನು ನಾನು ಒಪ್ಪುವುದಿಲ್ಲ. ತನ್ನ ಮನೆಯ ತಮಟೆಯನ್ನು ಮುರಿದು ಹಾಕುತ್ತೇನೆ ಎನ್ನುವವರಿಗೆ ಆ ಹಕ್ಕು ಪೂರ್ತಿಯಾಗಿದೆ. ಈ ಪತ್ರವನ್ನು ಬಾರಿಸುವವರಿಗೆ ಬರೆಯದೆ ನಿಮಗೆ ಬರೆದಿರುವುದು ಈ ಕಾರಣಕ್ಕೇ. ಜಾತಿ ಈ ವಾದ್ಯಕ್ಕೆ ಮಾಡಿದ್ದೇನೆಂದರೆ, ಚರ್ಮ ಹದ ಮಾಡುವುದರಿಂದ ಹಿಡಿದು ಬಾರಿಸುವವರೆಗೆ ಎಲ್ಲವನ್ನೂ ಒಂದೇ ಕೇರಿಯ ತಲೆಗೆ ಕಟ್ಟಿ ಉಳಿದವರು ಕೈ ತೊಳೆದುಕೊಂಡದ್ದು. ಮೃದಂಗಕ್ಕೆ ಬೇಕಾದ ಬಿಡಿಭಾಗ ಕೇಳಿದರೆ ಗೌರವದಿಂದ ಕುರ್ಚಿ ಹಾಕುವ ಅಂಗಡಿ ತಮಟೆ ಕಂಡೊಡನೆ ಬಾಗಿಲಾಚೆ ಇಡು ಎಂದರೆ ಆ ಹಳೆಯ ಕಟ್ಟು ಇನ್ನೂ ಬಿಚ್ಚಿಲ್ಲವೆಂದೇ ಅರ್ಥ. ತಮಟೆಯನ್ನು ನಿಮ್ಮ ಬೆಂಚಿನ ಮೇಲೆ, ವೈಸಿನ ಪಕ್ಕ ಇಟ್ಟು, ಅಳತೆ ತೆಗೆದು, ಕೂಲಿ ಹೇಳಿ, ಎಲ್ಲ ಗಿರಾಕಿಗಳಿಗೆ ಕೊಡುವ ಚೀಟಿಯನ್ನೇ ಕೊಟ್ಟರೆ ಅದರ ಯೋಗಕ್ಷೇಮ ಕೇರಿಯೊಂದರ ಹೊರೆಯಾಗಿ ಉಳಿಯದೆ ಪೇಟೆಯ ಕೆಲಸವಾಗುತ್ತದೆ. ತಮಿಳುನಾಡಿನ ದಿಂಡಿಗಲ್ಲಿನಲ್ಲಿ ಶಕ್ತಿ ತಂಡದ ದಲಿತ ಹೆಣ್ಣುಮಕ್ಕಳು ತಮಟೆಯ ಬಳಗದ್ದೇ ಆದ ಪರೈ ಹಿಡಿದು ವೇದಿಕೆ ಏರಿದ್ದಾರೆ, ಮದುರೈನ ವೇಲು ಆಸಾನ್ ಅವರಿಗೆ 2025ರಲ್ಲಿ ಪರೈ ವಾದನಕ್ಕೇ ಪದ್ಮಶ್ರೀ ಬಂದಿದೆ, ಕೋಲಾರದ ತೇರಹಳ್ಳಿ ಬೆಟ್ಟದ ‘ಆದಿಮ’ ಸಾಂಸ್ಕೃತಿಕ ಕೇಂದ್ರ ನೆಲದ ವಾದ್ಯಗಳನ್ನು ತಲೆಯೆತ್ತಿ ನುಡಿಸುವ ಜಾಗವಾಗಿದೆ. ತಾವಾಗಿಯೇ ಆರಿಸಿಕೊಂಡು ಬಾರಿಸುವವರು ಇದ್ದಾರೆ, ಇನ್ನೂ ಬರುತ್ತಾರೆ. ಅವರ ಕೈಯ ವಾದ್ಯ ಸುಸ್ಥಿತಿಯಲ್ಲಿರಲಿ ಎಂಬುದಷ್ಟೇ ನನ್ನ ಬೇಡಿಕೆ.

ಚರ್ಮದ ಕೆಲಸ ಬಲ್ಲವರನ್ನು ಈ ಲೆಕ್ಕದಿಂದ ಹೊರಗಿಟ್ಟರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ನೀವು ಬಳೆ ಸರಿ ಮಾಡಬಲ್ಲಿರಿ. ಎಷ್ಟು ನೆನೆದ ಚರ್ಮವನ್ನು ಎಷ್ಟು ಎಳೆಯಬೇಕು, ಯಾವ ಭಾಗದ ತೊಗಲು ನಡುವಿಗೆ ಬರಬೇಕು ಎಂಬುದು ಅವರಿಗೆ ಗೊತ್ತು. ವಾದ್ಯದ ಚರ್ಮ ಚಪ್ಪಲಿಯ ಚರ್ಮದಂತೆ ಹದ ಹಾಕಿದ್ದಲ್ಲ, ಕೂದಲು ಕೆರೆದು ಗೂಟಕ್ಕೆ ಎಳೆದು ಒಣಗಿಸಿದ ಹಸಿತೊಗಲು; ಅದನ್ನು ಮಾಡಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ದನಕರುವಿನ ತೊಗಲಿಗಿಂತ ಆಡಿನ ತೊಗಲನ್ನು ನೆಚ್ಚುವುದೇ ನಿರಾತಂಕದ ದಾರಿ, ಆಡು ಕುರಿಗಳು ಆ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ. ಆದರೆ ಆಡಿನ ತೊಗಲು ತೆಳು. ದಪ್ಪ ತೊಗಲು ಸಹಿಸಿಕೊಳ್ಳುತ್ತಿದ್ದ ಒರಟು ಅಂಚನ್ನು ಅದು ಸಹಿಸುವುದಿಲ್ಲ, ಹಾಗಾಗಿ ನಿಮ್ಮ ಅರದ ಕೆಲಸ ಮೊದಲಿಗಿಂತ ನಯವಾಗಬೇಕಾಗುತ್ತದೆ. ಬಳೆಯ ಕೂಲಿ ನಿಮಗೆ, ತೊಗಲಿನ ಕೂಲಿ ಅವರಿಗೆ ಎಂದು ಚೀಟಿಯಲ್ಲಿ ಎರಡು ಸಾಲು ಬೇರೆಬೇರೆ ಇರಲಿ. ಅವರ ವಿದ್ಯೆಯನ್ನು ಪುಕ್ಕಟೆ ಸಲಹೆಯೆಂದು ಪಡೆಯಬೇಡಿ.

ಸರ್ಕಾರದಿಂದ ಕೇಳಬೇಕಾದ್ದು ಎರಡೇ. ಖರೀದಿಯ ನೆರವಿನಲ್ಲಿ ರಿಪೇರಿಯ ಚೀಟಿಯನ್ನೂ ಒಪ್ಪಬೇಕು; ವಿಶ್ವಕರ್ಮದ ಪಟ್ಟಿಗೆ ವಾದ್ಯ ಮಾಡುವವರನ್ನು ಹತ್ತೊಂಬತ್ತನೆಯದಾಗಿ ಸೇರಿಸಬೇಕು. ಕೇಳುವುದಕ್ಕೆ ತಂಡಗಳ ಜೊತೆ ನಿಮ್ಮ ಸಹಿಯೂ ಇದ್ದರೆ ತೂಕ ಬರುತ್ತದೆ. ಅಲ್ಲಿಯವರೆಗೆ ಕಾಯುವ ಅಗತ್ಯವಿಲ್ಲ. ನಿಮ್ಮ ಊರುಗಳ ಐಟಿಐಗಳಲ್ಲಿ ಫಿಟ್ಟರ್, ಟರ್ನರ್, ವೆಲ್ಡರ್ ಕಲಿಯುವ ಮಕ್ಕಳು ಅಭ್ಯಾಸಕ್ಕೆಂದು ಕಬ್ಬಿಣದ ತುಂಡು ಕೊರೆದು ಎಸೆಯುತ್ತಾರೆ. ಕಾಲಿಂಚಿನ ಹಿತ್ತಾಳೆ ನಟ್ಟೊಂದನ್ನು ಕೊರೆಯುವುದೂ ಅಷ್ಟೇ ಒಳ್ಳೆಯ ಅಭ್ಯಾಸ, ಅದನ್ನು ಎಸೆಯಬೇಕಿಲ್ಲ. ಇನ್ನು ಅಂಚಿನ ಕೆಲಸಕ್ಕೆ ಬಂದರೆ, ಅಲೀಪುರದಲ್ಲಿ ಕೂದಲೆಳೆಯ ಲೆಕ್ಕದಲ್ಲಿ ಹರಳು ಉಜ್ಜುವ ಜನ ಇರುವ ಗೌರಿಬಿದನೂರಿಗೆ ನುಣುಪೆಂದರೇನು ಎಂದು ಕಲಿಸಬೇಕಾದ್ದಿಲ್ಲ.

ಶುರು ಮಾಡಲು ಸರಿಯಾದ ಕಾಲ ದೀಪಾವಳಿಯಿಂದ ಶಿವರಾತ್ರಿಯವರೆಗಿನ ತಿಂಗಳುಗಳು. ಮಳೆ ಹೋಗಿರುತ್ತದೆ, ತೊಗಲು ಒಣಗುತ್ತದೆ, ನಂದಿಯ ರಥೋತ್ಸವಕ್ಕೂ ಆಮೇಲಿನ ಊರಹಬ್ಬಗಳಿಗೂ ವಾದ್ಯ ಸಿದ್ಧವಾಗಿರುತ್ತದೆ. ಬಿಚ್ಚುವ ಮುಂಚೆ ಪ್ರತಿ ವಾದ್ಯಕ್ಕೂ ಒಂದು ಹಾಳೆ ಬರೆಯಿರಿ: ಯಾವ ಊರಿನದು, ಬಳೆಯ ಅಡ್ಡಳತೆ ಮತ್ತು ಅಗಲ, ಪಟ್ಟಿಯ ದಪ್ಪ, ಬೋಲ್ಟು ಎಷ್ಟು, ಇಂಚಿಗೆ ಎಷ್ಟು ಸುತ್ತು, ಹಿಂದೆ ಯಾರಾದರೂ ಬೆಸೆದಿದ್ದರೆ ಎಲ್ಲಿ, ನೀವು ಬದಲಿಸಿದ್ದು ಏನು. ಫೋನಿನಲ್ಲಿ ನಾಲ್ಕು ಕಡೆಯ ಚಿತ್ರ ತೆಗೆದಿಡಿ. ಹಾಳೆಯ ಒಂದು ಪ್ರತಿ ಅಂಗಡಿಯಲ್ಲಿ ಇರಲಿ, ಇನ್ನೊಂದು ವಾದ್ಯದ ಯಜಮಾನರಿಗೆ ಕೊಡಿ. ಹೀಗೆ ಒಂದು ಹಂಗಾಮಿನ ಹಾಳೆಗಳು ಸೇರಿದರೆ ನಾಲ್ಕು ತಾಲ್ಲೂಕಿನಲ್ಲಿ ಯಾವ ಅಳತೆಯ ಬೋಲ್ಟು ಹೆಚ್ಚು ಬೇಕು ಎಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ, ಮುಂದಿನ ಹಂಗಾಮಿಗೆ ಎಷ್ಟು ಸರಳು ತರಿಸಬೇಕೆಂದು ನೀವೇ ಲೆಕ್ಕ ಹಾಕಿಕೊಳ್ಳಬಹುದು.

ವಿಶ್ವಾಸದಿಂದ,
ಈ ವಾದ್ಯಗಳ ನಾದವನ್ನು ಪ್ರೀತಿಸುವ ನಿಮ್ಮವ